ಶಿಲೆಯ ಮೇಲಿನ ಸೈನಿಕ, ತರಗತಿಯಲ್ಲಿನ ಸೈನಿಕ

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಂಗಳದಲ್ಲಿ, ವೈಡ್ನರ್ ಗ್ರಂಥಭಂಡಾರಕ್ಕೆ ಅಭಿಮುಖವಾಗಿ ಬಿಳಿಯ ಗೋಪುರವನ್ನು ಹೊತ್ತು ನಿಂತಿರುವ ಸ್ಮಾರಕ ಚರ್ಚನ್ನು, ಪ್ರಥಮ ಮಹಾಯುದ್ಧದಲ್ಲಿ ಮಡಿದ ತನ್ನವರ ನೆನಪಿಗಾಗಿ ಆ ಸಂಸ್ಥೆಯು ಕಟ್ಟಿಸಿ, 1932ರ ನವೆಂಬರ್ 11ರಂದು, ಯುದ್ಧವಿರಾಮದ ವಾರ್ಷಿಕ ದಿನದಂದೇ, ಸಮರ್ಪಿಸಿತು. ಅದನ್ನು ನನಗೆ ತೋರಿಸಲು ಬಂದ ತರುಣನು ತನ್ನ ಸಹಪಾಠಿಗಳಿಗಿಂತ ಏಳೆಂಟು ವರ್ಷ ಹಿರಿಯ. ಮರೀನ್ ಪಡೆಯಲ್ಲಿ ಸಾರ್ಜೆಂಟನಾಗಿದ್ದು, ಸೇವೆ ಮುಗಿಸಿ, ಕಮ್ಯುನಿಟಿ ಕಾಲೇಜೊಂದರಲ್ಲಿ ಓದಿ, ಅಲ್ಲಿಂದ ಇಲ್ಲಿಗೆ ಸೇರಿದವನು. ಅಮೆರಿಕದ ಶ್ರೇಷ್ಠ ವಿದ್ಯಾಪೀಠಗಳು ಮಾಜಿ ಸೈನಿಕರನ್ನು ಹೇಗೆ ಬರಮಾಡಿಕೊಳ್ಳುತ್ತವೆ ಎಂಬುದನ್ನು ತಿಳಿಯಹೋದ ನನ್ನನ್ನು ಆತ ಯಾವ ಕಛೇರಿಗೂ ಕರೆದೊಯ್ಯದೆ ಒಂದು ಗೋಡೆಯ ಮುಂದೆ ನಿಲ್ಲಿಸಿದನು.

ಅಲ್ಲೊಂದು ಲ್ಯಾಟಿನ್ ಫಲಕವಿದೆ. ಬೇರೆ ಬೇರೆ ಧ್ವಜಗಳ ಕೆಳಗೆ ತಂತಮ್ಮ ದೇಶಕ್ಕಾಗಿ ಪ್ರಾಣವಿತ್ತ ಮಕ್ಕಳನ್ನು ಹಾರ್ವರ್ಡ್ ಮರೆತಿಲ್ಲ ಎಂಬುದು ಅದರ ತಾತ್ಪರ್ಯ. ಅದರಲ್ಲಿರುವ ಹೆಸರುಗಳು ನಾಲ್ಕು, ನಾಲ್ಕೂ ಜರ್ಮನಿಯ ಪಕ್ಷದಲ್ಲಿ ಹೋರಾಡಿ ಮಡಿದವರವು. ದ್ವಿತೀಯ ಮಹಾಯುದ್ಧದಲ್ಲಿ ಗತಿಸಿದವರ ಗೋಡೆಯಲ್ಲಿಯೂ ಅಡಾಲ್ಫ್ ಸಾನ್‌ವಾಲ್ಡ್ ಎಂಬ ಜರ್ಮನ್ ಪಾದ್ರಿಯ ಹೆಸರಿದೆ. ಇಲ್ಲಿಯ ಧರ್ಮಶಾಸ್ತ್ರ ವಿಭಾಗದಲ್ಲಿ ಓದಿ, ನಾಜಿಗಳನ್ನು ವಿರೋಧಿಸಿ, ಕಡೆಗೆ ಅವರದೇ ಸೇನೆಗೆ ಬಲವಂತದಿಂದ ಸೇರಿಸಲ್ಪಟ್ಟು ರಷ್ಯದ ರಣರಂಗದಲ್ಲಿ ಸತ್ತ ಆ ಮನುಷ್ಯನ ಹೆಸರಿನ ಪಕ್ಕದಲ್ಲಿ, ಈತ ಶತ್ರುಪಕ್ಷದವನು ಎಂದು ಮರೆಯದೆ ಸೂಚಿಸಿದ್ದಾರೆ.

ಇಷ್ಟು ಉದಾರವಾದ ಸ್ಮೃತಿಯು ಎಲ್ಲರ ಪಾಲಿಗೂ ಒಂದೇ ಸಮನಾಗಿದ್ದಿತೇ ಎಂದರೆ, ಇಲ್ಲ. ಅಂಗಳದ ಹೊರಗೆ ಇಟ್ಟಿಗೆಯ ಬೃಹತ್ ಸೌಧವಾದ ಮೆಮೋರಿಯಲ್ ಹಾಲ್ ಇದೆ. ಅಂತರ್ಯುದ್ಧದಲ್ಲಿ ಉತ್ತರದ ಪಕ್ಷದಲ್ಲಿ ಮಡಿದ 136 ಮಂದಿ ಹಾರ್ವರ್ಡಿಗರ ಹೆಸರುಗಳನ್ನು ಅಲ್ಲಿ ಅಮೃತಶಿಲೆಯ ಮೇಲೆ ಕೆತ್ತಿದ್ದಾರೆ. ದಕ್ಷಿಣದ ಪಕ್ಷದವರ ಹೆಸರು ಒಂದೂ ಇಲ್ಲ. ಸೇರಿಸಬೇಕೆಂಬ ಮಾತು ಎದ್ದದ್ದುಂಟು, ವಿವಾದವಾದದ್ದುಂಟು. ಗೋಡೆ ಮಾತ್ರ ಇದ್ದಂತೆಯೇ ಇದೆ. ದೂರದ ಹಗೆಯನ್ನು ಕ್ಷಮಿಸಬಹುದು, ದಾಯಾದಿಯನ್ನು ಕ್ಷಮಿಸಲಾಗದು ಎಂಬುದು ಕುರುಕ್ಷೇತ್ರದ ಕಥೆಯನ್ನು ಕೇಳಿ ಬೆಳೆದ ನಮಗೆ ಹೊಸ ಸಂಗತಿಯಲ್ಲ; ದಾಸ್ಯವನ್ನು ಉಳಿಸುವುದಕ್ಕಾಗಿ ನಡೆದ ಕಾಳಗಕ್ಕೆ ಫಲಕವಿಲ್ಲದಿರುವುದೇ ನ್ಯಾಯವೆಂದು ನನ್ನ ಮತ.

ಫಲಕಗಳ ಮುಂದೆ ನಾನು ಹೊತ್ತು ಕಳೆಯುತ್ತಿದ್ದುದನ್ನು ಕಂಡು ಸಾರ್ಜೆಂಟನು ತನ್ನ ಕಥೆಯನ್ನು ಹೇಳಿದನು. ಪ್ರವೇಶದ ಅರ್ಜಿಯೊಡನೆ ಉಪಾಧ್ಯಾಯರ ಶಿಫಾರಸು ಪತ್ರ ಬೇಕಾಗಿತ್ತು. “ಹೈಸ್ಕೂಲಿನ ಮೇಷ್ಟರಿಗೆ ನನ್ನ ಮುಖವೇ ಮರೆತುಹೋಗಿತ್ತು. ಬರೆದುಕೊಟ್ಟವರು ನನ್ನ ಕ್ಯಾಪ್ಟನ್. ಟ್ರಕ್ಕುಗಳನ್ನು ನಾನು ಬಲು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಬರೆದಿದ್ದರು!” ಎಂದು ನಕ್ಕನು.

ಮಾಜಿ ಸೈನಿಕರನ್ನು ಸೇರಿಸಿಕೊಳ್ಳುವುದರಲ್ಲಿ ವಿದ್ಯಾಪೀಠಗಳಿಗಿರುವ ಸಂಕೋಚ ಹಳೆಯದು. 1944ರ ಜೂನ್ 22ರಂದು ರೂಸ್ವೆಲ್ಟರು ಸಹಿ ಹಾಕಿದ ಜಿ.ಐ. ಮಸೂದೆಯು ಯುದ್ಧದಿಂದ ಹಿಂದಿರುಗಿದವನಿಗೆ ವರ್ಷಕ್ಕೆ 500 ಡಾಲರಿನವರೆಗೆ ಶುಲ್ಕವನ್ನೂ, ತಿಂಗಳಿಗೆ 50 ಡಾಲರ್ ಜೀವನವೆಚ್ಚವನ್ನೂ ಕೊಡುವುದಾಗಿ ಹೇಳಿದಾಗ, ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಹಚಿನ್ಸರು ಕಾಲೇಜುಗಳು ಅಲೆಮಾರಿಗಳ ಬೀಡಾದಾವೆಂದು ಎಚ್ಚರಿಸಿದರು. ಹಾರ್ವರ್ಡಿನ ಅಧ್ಯಕ್ಷರಾದ ಕೊನಂಟರೂ ಯೋಗ್ಯಾಯೋಗ್ಯ ವಿವೇಚನೆ ಇಲ್ಲವೆಂದು ಶಂಕಿಸಿದರು. ಆದರೆ ಸುಮಾರು 22 ಲಕ್ಷ ಮಂದಿ ಕಾಲೇಜು ಸೇರಿ, ಚೆನ್ನಾಗಿಯೇ ಓದಿದರು. ಇವರಷ್ಟು ಪ್ರೌಢರಾದ ವಿದ್ಯಾರ್ಥಿಗಳನ್ನು ಹಾರ್ವರ್ಡ್ ಕಂಡಿರಲಿಲ್ಲವೆಂದು ಕೊನಂಟರೇ ಒಪ್ಪಿಕೊಂಡರು. ಅದೇ ಕಾನೂನಿನ ಫಲವು ದಕ್ಷಿಣದ ಕರಿಯ ಸೈನಿಕರಿಗೆ ಬಹುಮಟ್ಟಿಗೆ ಕೈಗೆಟುಕದೆ ಹೋಯಿತೆಂಬುದನ್ನೂ ಹೇಳಬೇಕು. 1947ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯವು ಇಂಥ ಹಿರಿಯ ವಿದ್ಯಾರ್ಥಿಗಳಿಗಾಗಿ ಸ್ಕೂಲ್ ಆಫ್ ಜನರಲ್ ಸ್ಟಡೀಸ್ ಎಂಬ ಪ್ರತ್ಯೇಕ ಕಾಲೇಜನ್ನೇ ರೂಪಿಸಿತು. ಇಂದಿಗೂ ಅಲ್ಲಿ ಮಾಜಿ ಸೈನಿಕರು ನೂರಾರು ಮಂದಿ, ಉಳಿದ ವಿದ್ಯಾರ್ಥಿಗಳೊಡನೆ ಅವೇ ತರಗತಿಗಳಲ್ಲಿ ಕುಳಿತು ಓದುತ್ತಾರೆ.

ಅಧಿಕಾರಿಗಳಾಗಲು ತರಬೇತು ಪಡೆಯುವ ವಿದ್ಯಾರ್ಥಿಗಳದು ಇನ್ನೊಂದು ಕಥೆ. ನಮ್ಮ ಎನ್‌ಸಿಸಿಯನ್ನು ಬಲ್ಲವರಿಗೆ ಅವರ ಆರ್‌ಒಟಿಸಿ ಅಪರಿಚಿತವೆನಿಸದು. ಆದರೆ ಅಲ್ಲಿ ಪದವಿಯೊಡನೆಯೇ ನೇರವಾಗಿ ಸೇನಾಧಿಕಾರ ದೊರೆಯುತ್ತದೆ, ವಿದ್ಯಾರ್ಥಿವೇತನಕ್ಕೆ ಪ್ರತಿಯಾಗಿ ಇಂತಿಷ್ಟು ವರ್ಷಗಳ ಸೇವೆ ಸಲ್ಲಬೇಕು. ಹಾರ್ವರ್ಡಿನಲ್ಲಿ 1916ರಿಂದ ಇದ್ದ ಈ ಪದ್ಧತಿಗೆ ವಿಯೆಟ್ನಾಂ ಯುದ್ಧವು ಮುಳುವಾಯಿತು. ಚರ್ಚಿನ ಮೆಟ್ಟಿಲ ಮೇಲೆ ನಿಂತರೆ ಯೂನಿವರ್ಸಿಟಿ ಹಾಲ್ ಕಣ್ಣಿಗೆ ಬೀಳುತ್ತದೆ. 1969ರ ಏಪ್ರಿಲ್ 9ರಂದು ವಿದ್ಯಾರ್ಥಿಗಳು ಅದನ್ನು ವಶಪಡಿಸಿಕೊಂಡು, ಆರ್‌ಒಟಿಸಿ ತೊಲಗಲೆಂದರು. ಮರುದಿನ ನಸುಕಿನಲ್ಲಿ ಪೊಲೀಸರು ಲಾಠಿ ಬೀಸಿ ಅವರನ್ನು ಹೊರದಬ್ಬಿದರು. ತರಬೇತಿ ಮಾತ್ರ ಹೊರಟೇಹೋಯಿತು. ಆಮೇಲೆ ಸೇನೆ ಸೇರಬಯಸಿದ ಹಾರ್ವರ್ಡಿನ ಹುಡುಗರು ಎಂಐಟಿಗೆ ಹೋಗಿ ಕವಾಯತು ಮಾಡಬೇಕಾಯಿತು. ಮುಂದೆ ಸಲಿಂಗಾನುರಾಗಿಗಳು ತಮ್ಮನ್ನು ಮರೆಮಾಚಿಕೊಂಡೇ ಸೇನೆಯಲ್ಲಿರಬೇಕೆಂಬ 1993ರ ಕಾನೂನು ಆ ತರಬೇತಿ ಮರಳುವುದಕ್ಕೆ ಹೊಸ ಅಡ್ಡಿಯಾಯಿತು. 2010ರ ಡಿಸೆಂಬರಿನಲ್ಲಿ ಅದರ ರದ್ದಿಗೆ ಸಹಿ ಬಿದ್ದ ಮೇಲೆ, 2011ರ ಮಾರ್ಚಿನಲ್ಲಿ ಹಾರ್ವರ್ಡಿನ ಅಧ್ಯಕ್ಷೆ ಡ್ರೂ ಫೌಸ್ಟ್ ತರಬೇತಿಯನ್ನು ಮರಳಿ ತರಲು ನೌಕಾಪಡೆಯೊಡನೆ ಒಪ್ಪಂದ ಮಾಡಿಕೊಂಡರು. ಕೊಲಂಬಿಯ, ಯೇಲ್ ಹಿಂಬಾಲಿಸಿದುವು.

ಈಗ ಸಹಾಯಕ್ಕೆ ಕೊರತೆಯಿಲ್ಲ. 2008ರ ಹೊಸ ಜಿ.ಐ. ಮಸೂದೆಯು ಖಾಸಗಿ ಸಂಸ್ಥೆಗಳ ಶುಲ್ಕಕ್ಕೆ ಒಂದು ಮಿತಿಯವರೆಗೆ ಹಣ ಕೊಡುತ್ತದೆ. ಮಿಕ್ಕದ್ದರಲ್ಲಿ ವಿಶ್ವವಿದ್ಯಾನಿಲಯವು ಎಷ್ಟನ್ನು ವಹಿಸುವುದೋ ಅಷ್ಟನ್ನೇ ಸರ್ಕಾರವೂ ಯೆಲ್ಲೋ ರಿಬ್ಬನ್ ಯೋಜನೆಯ ಮೂಲಕ ಸೇರಿಸುತ್ತದೆ. ಯೇಲ್‌ನಲ್ಲಿ ಆರಂಭವಾದ ವಾರಿಯರ್-ಸ್ಕಾಲರ್ ಪ್ರಾಜೆಕ್ಟ್, ಬಂದೂಕು ಹಿಡಿದ ಕೈಗೆ ಪ್ರಬಂಧ ಬರೆಯುವ, ಕಠಿಣ ಗ್ರಂಥವನ್ನು ಓದುವ ಅಭ್ಯಾಸವನ್ನು ಬೇಸಿಗೆಯ ಶಿಬಿರಗಳಲ್ಲಿ ಮಾಡಿಸುತ್ತದೆ. ಸರ್ವಿಸ್ ಟು ಸ್ಕೂಲ್ ಎಂಬ ಸಂಸ್ಥೆಯು ಅರ್ಜಿ ತುಂಬುವ ವಿದ್ಯೆಯನ್ನು ಪುಕ್ಕಟೆಯಾಗಿ ಹೇಳಿಕೊಡುತ್ತದೆ. ಪ್ರಿನ್ಸ್‌ಟನ್ನು ಬೇರೆ ಕಾಲೇಜುಗಳಿಂದ ಬರುವವರಿಗೆ ಬಹುಕಾಲ ಮುಚ್ಚಿದ್ದ ಬಾಗಿಲನ್ನು 2018ರಲ್ಲಿ ಮತ್ತೆ ತೆರೆದುದು ಮುಖ್ಯವಾಗಿ ಇಂಥವರಿಗಾಗಿಯೇ.

ಆದರೂ ನನ್ನ ಸಂದೇಹ ಪೂರ್ತಿಯಾಗಿ ತೀರಲಿಲ್ಲ. ದೋಣಿ ನಡೆಸುವವನನ್ನೂ ಚೆಂಡು ಎಸೆಯುವವನನ್ನೂ ಹುಡುಕಿಕೊಂಡು ದೇಶವಿಡೀ ತಮ್ಮವರನ್ನು ಕಳುಹಿಸುವ ಈ ಸಂಸ್ಥೆಗಳು, ಅಷ್ಟೇ ಶ್ರದ್ಧೆಯಿಂದ ಸೇನಾಶಿಬಿರಗಳಿಗೂ ಕಮ್ಯುನಿಟಿ ಕಾಲೇಜುಗಳಿಗೂ ಹೋಗಬೇಕು. ಟ್ರಕ್ಕು ನೋಡಿಕೊಂಡವನ ಯೋಗ್ಯತೆಯನ್ನು ಅಳೆಯಬಲ್ಲವರನ್ನು ಪ್ರವೇಶ ಸಮಿತಿಯಲ್ಲಿ ಕೂಡಿಸಬೇಕು. ಸತ್ತವನಿಗೆ ಸಲ್ಲಿಸುವ ಗೌರವದಲ್ಲಿ ಹಾರ್ವರ್ಡಿಗೆ ಸಮಾನರು ವಿರಳ. ಬದುಕಿ ಬಂದವನಿಗೆ ಆಸನವೀಯುವುದರಲ್ಲಿ ಕೊಲಂಬಿಯವೇ ಮುಂದು, ಮಿಕ್ಕವರು ಕಲಿಯಬೇಕಾದುದೂ ಅದರಿಂದಲೇ.