ವಿಶ್ವಕೋಶದಲ್ಲಿ ಪದಶೋಧನೆ

ತಾನು ತಿಳಿದುಕೊಂಡ ಸಂಗತಿಗಳನ್ನೆಲ್ಲ ಒಂದೆಡೆ ಕೂಡಿಡಬೇಕೆಂಬ ಮನುಷ್ಯನ ಹಂಬಲ ಬಹು ಹಳೆಯದು. ಒಬ್ಬನು ಕಷ್ಟಪಟ್ಟು ಕಂಡುಕೊಂಡುದನ್ನು ಇನ್ನೊಬ್ಬನು ಮತ್ತೆ ಮೊದಲಿನಿಂದ ಕಂಡುಕೊಳ್ಳಬೇಕಾಗಿ ಬಂದರೆ ಜ್ಞಾನವು ಬೆಳೆಯುವುದಾದರೂ ಹೇಗೆ? ಆದುದರಿಂದಲೇ ಅನೇಕ ನಾಡುಗಳಲ್ಲಿ ವಿಶ್ವಕೋಶದಂತಹ ಗ್ರಂಥಗಳು ಹುಟ್ಟಿಕೊಂಡವು. ಆದರೆ ಕೂಡಿಡುವುದು ಒಂದು ಕೆಲಸ. ಕೂಡಿಟ್ಟುದರಲ್ಲಿ ಬೇಕಾದುದನ್ನು ಬೇಕಾದಾಗ ಹುಡುಕಿ ತೆಗೆಯುವುದು ಮತ್ತೊಂದು ಕೆಲಸ. ಕಣಜ ತುಂಬಿದಷ್ಟೂ ಈ ಎರಡನೆಯ ಕೆಲಸ ಕಠಿಣವಾಗುತ್ತ ಹೋಗುತ್ತದೆ.

ಈ ಕಷ್ಟವನ್ನು ಹಿಂದಿನವರೂ ಅರಿತಿದ್ದರು. ರೋಮಿನ ವಿದ್ವಾಂಸ ಪ್ಲಿನಿಯು ಕ್ರಿ.ಶ. 77ರ ಸುಮಾರಿಗೆ ನಿಸರ್ಗದ ವಿಷಯಗಳನ್ನು ಕುರಿತು 37 ಭಾಗಗಳ ಬೃಹದ್ಗ್ರಂಥವೊಂದನ್ನು ರಚಿಸಿದನು. ಅದರ ಮೊದಲನೆಯ ಭಾಗವು ಉಳಿದ ಭಾಗಗಳಲ್ಲಿ ಏನೇನಿದೆ ಎಂಬುದನ್ನು ತಿಳಿಸುವ ವಿಷಯಸೂಚಿ. ಬಿಡುವಿಲ್ಲದ ಓದುಗನು ಇಡೀ ಗ್ರಂಥವನ್ನು ಓದುವ ಶ್ರಮವಿಲ್ಲದೆ ತನಗೆ ಬೇಕಾದ ಸಂಗತಿಯನ್ನು ಕಂಡುಕೊಳ್ಳಲಿ ಎಂಬುದು ಅವನ ಉದ್ದೇಶವಾಗಿದ್ದಿತು. ನಮ್ಮ ನಾಡಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನೀತಿ, ಆನೆಗಳ ಲಕ್ಷಣ, ಅಡುಗೆ, ಸಂಗೀತ, ವಿನೋದಗಳು ಎಲ್ಲವೂ ಅದರಲ್ಲಿ ಐದು ವಿಂಶತಿಗಳಾಗಿ, ಅಂದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ, ವಿಂಗಡಗೊಂಡಿವೆ. ಇಂತಹ ಗ್ರಂಥದಲ್ಲಿ ಒಂದು ವಿಷಯವನ್ನು ಹುಡುಕಬೇಕಾದರೆ ಅದು ಯಾವ ಭಾಗಕ್ಕೆ ಸೇರಿದುದೆಂಬುದನ್ನು ಓದುಗನು ಮೊದಲೇ ಬಲ್ಲವನಾಗಿರಬೇಕು.

ಅಕಾರಾದಿಯ ಕ್ರಮವು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಫ್ರಾನ್ಸಿನಲ್ಲಿ ದಿದರೋ ಮತ್ತು ದಾಲಾಂಬೇರರ ಸಂಪಾದಕತ್ವದಲ್ಲಿ 1751ರಿಂದ ಹೊರಬರತೊಡಗಿದ ಪ್ರಸಿದ್ಧ ವಿಶ್ವಕೋಶವು ಅಕ್ಷರಕ್ರಮದಲ್ಲಿಯೇ ಇದ್ದಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು. ಅದೂ ಅಕಾರಾದಿಯನ್ನೇ ಅನುಸರಿಸಿತು. ಅಕ್ಷರ ಬಲ್ಲವರೆಲ್ಲರೂ ಇಲ್ಲಿ ದಾರಿ ಕಾಣಬಲ್ಲರು. ಆದರೆ ಅಕಾರಾದಿಗೆ ತನ್ನದೇ ಆದ ಒಂದು ಕೊರತೆಯುಂಟು. ಅದರಲ್ಲಿ ‘ಉಪನಿಷತ್ತು’ ಮತ್ತು ‘ಉಪ್ಪು’ ನೆರೆಹೊರೆಯವರಾಗುತ್ತವೆ. ‘ಉಪ್ಪು’ ಮತ್ತು ‘ಸಮುದ್ರ’ ದೂರದೂರ ಉಳಿಯುತ್ತವೆ. ಈ ಅಗಲಿಕೆಯನ್ನು ನೀಗಿಸಲೆಂದೇ ದಿದರೋ ಒಂದು ಲೇಖನದಿಂದ ಇನ್ನೊಂದು ಲೇಖನಕ್ಕೆ ದಾರಿ ತೋರುವ ಸೂಚನೆಗಳನ್ನು ಅಲ್ಲಲ್ಲಿ ಸೇರಿಸಿದನು.

ಇಂದು ವಿಶ್ವಕೋಶವು ಕಪಾಟಿನಿಂದ ಇಳಿದು ಅಂತರಜಾಲವನ್ನು ಸೇರಿದೆ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯವು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಶೀಘ್ರ ಎಂದರ್ಥ. ಕನ್ನಡದ ಆವೃತ್ತಿಯು 2003ರಲ್ಲಿ ಮೊದಲಾಯಿತು. ಇದರ ಲೇಖನಗಳನ್ನು ಬರೆಯುವವರು, ತಿದ್ದುವವರು ಸಂಬಳವಿಲ್ಲದೆ ದುಡಿಯುವ ಸಾಮಾನ್ಯ ಜನರು. ಇಲ್ಲಿ ಸಂಪುಟಗಳಿಲ್ಲ, ಪುಟಸಂಖ್ಯೆಗಳಿಲ್ಲ. ಪುಟದ ಮೇಲ್ಭಾಗದಲ್ಲಿ ಒಂದು ಚಿಕ್ಕ ಚೌಕವಿರುತ್ತದೆ. ಅದರಲ್ಲಿ ಒಂದು ಪದವನ್ನು ಬರೆದರೆ ಕ್ಷಣಮಾತ್ರದಲ್ಲಿ ಆ ಪದವುಳ್ಳ ಲೇಖನಗಳ ಪಟ್ಟಿಯೊಂದು ಮುಂದೆ ಬಂದು ನಿಲ್ಲುತ್ತದೆ. ಹೀಗೆ ಬಳಸುವ ಪದವನ್ನು ಶೋಧಪದವೆನ್ನೋಣ.

ಲಕ್ಷಗಟ್ಟಲೆ ಲೇಖನಗಳನ್ನು ಗಣಕಯಂತ್ರವು ಅಷ್ಟು ಬೇಗ ಓದಿ ಮುಗಿಸುವುದೇ? ಇಲ್ಲ. ಪ್ರಶ್ನೆ ಬರುವ ಮೊದಲೇ ಅದು ಓದಿ ಮುಗಿಸಿರುತ್ತದೆ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಪದಗಳೂ ಅವುಗಳ ಮುಂದೆ ಪುಟಸಂಖ್ಯೆಗಳೂ ಇರುವ ಸೂಚಿಯನ್ನು ನೀವು ಕಂಡಿರಬಹುದು. ಯಂತ್ರವು ಸಿದ್ಧಪಡಿಸಿಕೊಳ್ಳುವುದೂ ಅಂತಹುದೇ ಒಂದು ಸೂಚಿಯನ್ನು. ಪ್ರತಿಯೊಂದು ಪದದ ಮುಂದೆ ಅದು ಯಾವ ಯಾವ ಲೇಖನಗಳಲ್ಲಿದೆ ಎಂಬುದನ್ನು ಗುರುತು ಹಾಕಿಟ್ಟಿರುತ್ತದೆ. ‘ಉಪ್ಪು’ ಎಂಬ ಪದವು 3, 7, 12 ಮತ್ತು 20ನೆಯ ಲೇಖನಗಳಲ್ಲಿಯೂ ‘ಸತ್ಯಾಗ್ರಹ’ವೆಂಬ ಪದವು 7, 15, 20 ಮತ್ತು 31ನೆಯ ಲೇಖನಗಳಲ್ಲಿಯೂ ಇದೆಯೆಂದು ಭಾವಿಸೋಣ. ಎರಡು ಪದಗಳನ್ನೂ ಒಟ್ಟಿಗೆ ಕೇಳಿದರೆ ಎರಡು ಪಟ್ಟಿಗಳಿಗೂ ಸಮಾನವಾದ 7 ಮತ್ತು 20ನೆಯ ಲೇಖನಗಳು ಹೊರಬರುತ್ತವೆ. ಗಣಿತದಲ್ಲಿ ನೀವು ಕಲಿತ ಗಣಗಳ ಛೇದನವೇ ಇದು.

ಇಂತಹ ಸೂಚಿಯನ್ನು ಯಂತ್ರವು ಬರುವ ಮೊದಲು ಮನುಷ್ಯರೇ ಕೈಯಿಂದ ಸಿದ್ಧಗೊಳಿಸುತ್ತಿದ್ದರು. 13ನೆಯ ಶತಮಾನದಲ್ಲಿ ಪ್ಯಾರಿಸಿನ ಕ್ರೈಸ್ತ ಸಂನ್ಯಾಸಿಗಳು ಬೈಬಲ್ಲಿನ ಪದಸೂಚಿಯನ್ನು ರಚಿಸಿದರು. ಅಮೆರಿಕದ ವಿದ್ವಾಂಸ ಮಾರಿಸ್ ಬ್ಲೂಮ್‌ಫೀಲ್ಡ್ ವೈದಿಕ ಸಾಹಿತ್ಯದಲ್ಲಿ ಅದುವರೆಗೆ ಅಚ್ಚಾಗಿದ್ದ ಮಂತ್ರಗಳ ಪ್ರತಿಯೊಂದು ಪಾದವನ್ನೂ ಅಕ್ಷರಕ್ರಮದಲ್ಲಿ ಜೋಡಿಸಿ 1906ರಲ್ಲಿ ಪ್ರಕಟಿಸಿದರು. ವರ್ಷಾನುಗಟ್ಟಲೆ ನಡೆಯುತ್ತಿದ್ದ ಆ ದುಡಿಮೆಯನ್ನು ಯಂತ್ರವು ಈಗ ಅಲ್ಪಕಾಲದಲ್ಲಿ ಮಾಡಿ ಮುಗಿಸುತ್ತದೆ.

ಪಟ್ಟಿಯಲ್ಲಿ ಯಾವ ಲೇಖನ ಮೊದಲು ಬರಬೇಕೆಂಬುದೂ ಒಂದು ಪ್ರಶ್ನೆಯೇ. ಪದವು ಲೇಖನದ ಶೀರ್ಷಿಕೆಯಲ್ಲಿದೆಯೇ, ಒಳಗೆ ಎಷ್ಟು ಬಾರಿ ಬಂದಿದೆ ಎಂಬುದನ್ನು ಯಂತ್ರವು ಎಣಿಸುತ್ತದೆ. ಪದದ ವಿರಳತೆಗೂ ಬೆಲೆಯುಂಟು. ‘ಮತ್ತು’ ಎಂಬ ಪದ ಎಲ್ಲೆಲ್ಲೂ ಇರುವುದರಿಂದ ಅದರಿಂದ ಯಾವ ಸುಳಿವೂ ದೊರೆಯದು; ‘ಗಳಗಂಡ’ವೆಂಬ ಪದ ಕೆಲವೇ ಲೇಖನಗಳಲ್ಲಿರುವುದರಿಂದ ಅದು ನೇರವಾಗಿ ಗುರಿ ತೋರುತ್ತದೆ. ವಿರಳವಾದ ಪದಕ್ಕೆ ಹೆಚ್ಚಿನ ತೂಕ ಕೊಡಬೇಕೆಂಬ ಈ ವಿಚಾರವನ್ನು 1972ರಲ್ಲಿ ಮಂಡಿಸಿದವರು ಇಂಗ್ಲೆಂಡಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿ. ಅವರು ಈ ಕ್ಷೇತ್ರಕ್ಕೆ ಬರುವ ಮೊದಲು ಕೆಲಕಾಲ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದರು.

ಇನ್ನು ‘ಉಪ್ಪು’ ಎಂಬ ಪದದ ಬೆನ್ನು ಹಿಡಿದು ಹೊರಟರೆ ಎಲ್ಲೆಲ್ಲಿಗೆ ತಲಪಬಹುದೆಂಬುದನ್ನು ನೋಡೋಣ. ಮೊದಲು ಎದುರಾಗುವುದು ರಸಾಯನಶಾಸ್ತ್ರ. ನೀರು ತಗುಲಿದೊಡನೆ ಉಗ್ರವಾಗಿ ವರ್ತಿಸುವ ಸೋಡಿಯಂ ಎಂಬ ಲೋಹವೂ ವಿಷಾನಿಲವಾದ ಕ್ಲೋರಿನ್ನೂ ಕೂಡಿದಾಗ ನಾವು ಅನ್ನದೊಡನೆ ಉಣ್ಣುವ ಉಪ್ಪು ಆಗುತ್ತದೆ. ಮುಂದಿನದು ಶರೀರಶಾಸ್ತ್ರ. ನರಗಳು ಸಂದೇಶವನ್ನು ಸಾಗಿಸಲು ಸೋಡಿಯಂ ಬೇಕು. ಬಿಸಿಲಿನಲ್ಲಿ ದುಡಿಯುವವನ ಬೆವರಿನೊಡನೆ ಅದು ಹೊರಹೋಗುವುದರಿಂದ ಅವನಿಗೆ ಉಪ್ಪು ಅನಿವಾರ್ಯ. ಅಲ್ಲಿಂದ ವೈದ್ಯಶಾಸ್ತ್ರಕ್ಕೆ ಬಂದರೆ, ಅಯೋಡಿನ್ನಿನ ಕೊರತೆಯಿಂದ ಗಳಗಂಡ ರೋಗ ಬರುವುದೆಂದೂ, ಅದನ್ನು ತಡೆಯಲು ಅಯೋಡಿನ್ ಬೆರೆಸಿದ ಉಪ್ಪನ್ನು ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವು ಭಾರತದಲ್ಲಿ 1962ರಲ್ಲಿ ಮೊದಲಾಯಿತೆಂದೂ ತಿಳಿಯುತ್ತದೆ. ಭೂಗೋಳಕ್ಕೆ ಹೋದರೆ ರಾಜಸ್ಥಾನದ ಸಾಂಭಾರ್ ಸರೋವರ, ಪಶ್ಚಿಮ ಏಷ್ಯದ ಮೃತ ಸಮುದ್ರ, ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳು ಕಾಣುತ್ತವೆ. ಸಾಮಾನ್ಯ ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದರೆ, ಮೃತ ಸಮುದ್ರದ ಅಷ್ಟೇ ನೀರಿನಲ್ಲಿ 300 ಗ್ರಾಮಿಗೂ ಹೆಚ್ಚು ಲವಣಗಳಿರುತ್ತವೆ. ಇತಿಹಾಸದ ಪುಟದಲ್ಲಿ 1882ರ ಉಪ್ಪಿನ ಕಾಯಿದೆ ಇದೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು ಏಪ್ರಿಲ್ 6ರಂದು ದಾಂಡಿಯ ಕಡಲತೀರದಲ್ಲಿ ಹಿಡಿ ಉಪ್ಪನ್ನು ಎತ್ತಿದ ಗಾಂಧೀಜಿಯವರಿದ್ದಾರೆ. ಅದೇ ತಿಂಗಳು ಕಾನೂನು ಮುರಿದ ಅಂಕೋಲೆಯ ಸತ್ಯಾಗ್ರಹಿಗಳಿದ್ದಾರೆ. ಕೊನೆಗೆ, ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ನಮ್ಮ ಗಾದೆಯೂ ಇದೆ.

ಶಾಲೆಯ ವೇಳಾಪಟ್ಟಿಯಲ್ಲಿ ಇವು ಬೇರೆ ಬೇರೆ ಅವಧಿಗಳಿಗೆ ಸೇರಿದ ವಿಷಯಗಳು. ಒಂದಕ್ಕೊಂದು ಸಂಬಂಧವಿಲ್ಲದವೆಂದೇ ಮೇಲುನೋಟಕ್ಕೆ ತೋರುತ್ತವೆ. ಯಂತ್ರವು ಇವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದುದಾದರೂ ಎಲ್ಲದರಲ್ಲಿಯೂ ಒಂದೇ ಪದವಿದೆ ಎಂಬ ಕಾರಣಕ್ಕಾಗಿ ಮಾತ್ರ. ಈಗ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ಒಂದು ಸಾಮ್ರಾಜ್ಯವನ್ನು ಎದುರಿಸಲು ಹೊರಟ ಗಾಂಧೀಜಿ ಉಪ್ಪನ್ನೇ ಏಕೆ ಆರಿಸಿಕೊಂಡರು? ಶರೀರಶಾಸ್ತ್ರದ ಲೇಖನವು ಉಪ್ಪಿಲ್ಲದೆ ಯಾವ ದೇಹವೂ ಬದುಕದೆಂದು ಹೇಳುತ್ತದೆ. ಆದುದರಿಂದ ಉಪ್ಪಿನ ಮೇಲಿನ ತೆರಿಗೆಯು ಕಡುಬಡವನ ತಟ್ಟೆಯವರೆಗೂ ಕೈ ಚಾಚುತ್ತಿದ್ದಿತು. ಭೂಗೋಳದ ಲೇಖನವು ಕಡಲತೀರದಲ್ಲಿ ಬಿಸಿಲೇ ಉಪ್ಪನ್ನು ಮಾಡಿಕೊಡುವುದೆಂದು ಹೇಳುತ್ತದೆ; ಆದುದರಿಂದ ಯಾವ ಆಯುಧವೂ ಇಲ್ಲದ ಸಾಮಾನ್ಯನು ಬಗ್ಗಿ ಒಂದು ಹಿಡಿ ಎತ್ತಿಕೊಂಡು ಆ ಕಾನೂನನ್ನು ಮುರಿಯಬಹುದಾಗಿದ್ದಿತು. ಇತಿಹಾಸದ ಪ್ರಶ್ನೆಗೆ ಶರೀರಶಾಸ್ತ್ರವೂ ಭೂಗೋಳವೂ ಉತ್ತರ ಕೊಟ್ಟವು. ಲೇಖನಗಳನ್ನು ಹತ್ತಿರ ತಂದುದು ಯಂತ್ರ. ಅವುಗಳ ನಡುವಿನ ಸಂಬಂಧವನ್ನು ಕಂಡುದು ಪ್ರಶ್ನೆ ಕೇಳಿದ ಮನಸ್ಸು. ಪದಶೋಧನೆಯ ನಿಜವಾದ ಪ್ರಯೋಜನವಿರುವುದು ಇಲ್ಲಿಯೇ.

ಯಂತ್ರವು ಹುಡುಕುವುದು ಅಕ್ಷರಗಳನ್ನೇ ಹೊರತು ಅರ್ಥವನ್ನಲ್ಲ ಎಂಬುದನ್ನು ಮರೆಯಬಾರದು. ‘ಗುರು’ ಎಂದು ಬರೆದು ನೋಡಿ. ವಿದ್ಯೆ ಕಲಿಸುವ ಗುರು, ಸೌರಮಂಡಲದ ಅತಿ ದೊಡ್ಡ ಗ್ರಹವಾದ ಗುರು, ಛಂದಸ್ಸಿನಲ್ಲಿ ಎರಡು ಮಾತ್ರೆಗಳ ಗುರು ಎಲ್ಲವೂ ಒಟ್ಟಿಗೆ ಬರಬಹುದು. ಇಂತಹ ಕಡೆ ವಿಕಿಪೀಡಿಯದವರು ‘ದ್ವಂದ್ವ ನಿವಾರಣೆ’ ಎಂಬ ಪುಟವನ್ನಿಟ್ಟು, ನಿಮಗೆ ಬೇಕಾದುದು ಇವುಗಳಲ್ಲಿ ಯಾವುದೆಂದು ಕೇಳುವುದುಂಟು. ಒಂದೇ ಪದಕ್ಕೆ ಹಲವು ಅರ್ಥಗಳಿರುವಂತೆ ಒಂದೇ ಅರ್ಥಕ್ಕೆ ಹಲವು ಪದಗಳೂ ಇರುತ್ತವೆ. ‘ಉಪ್ಪು’ ಎಂದು ಹುಡುಕಿದವನಿಗೆ ‘ಲವಣ’ವೆಂದು ಬರೆದ ಲೇಖನವು ಕಾಣದೆ ಹೋಗಬಹುದು.

ನಮ್ಮ ಭಾಷೆಯ ಸ್ವಭಾವವೂ ಇಲ್ಲಿ ಗಮನಾರ್ಹವಾದುದು. ಕನ್ನಡದಲ್ಲಿ ಪದವು ವಿಭಕ್ತಿಯನ್ನು ಧರಿಸಿ ಉಪ್ಪನ್ನು, ಉಪ್ಪಿನಿಂದ, ಉಪ್ಪಿಗೆ ಎಂದು ರೂಪ ಬದಲಿಸುತ್ತದೆ. ಸಂಧಿಯಾದರಂತೂ ಅಕ್ಷರವೇ ಬೇರೆಯಾಗುತ್ತದೆ. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾದಾಗ ಕಕಾರದ ಸ್ಥಾನದಲ್ಲಿ ಗಕಾರವು ಬರುವುದನ್ನು ಆದೇಶ ಸಂಧಿಯಲ್ಲಿ ನೀವು ಓದಿದ್ದೀರಿ. ಈ ನಿಯಮಗಳನ್ನು ಯಾರಾದರೂ ಕಲಿಸಿದ್ದರೆ ಮಾತ್ರ ಯಂತ್ರಕ್ಕೆ ‘ಮಳೆಗಾಲ’ದೊಳಗಿನ ‘ಕಾಲ’ ಕಾಣುತ್ತದೆ. ಪದದ ಅರ್ಥವನ್ನೂ ಅಂದಾಜು ಮಾಡಿ ಹುಡುಕುವ ಹೊಸ ವಿಧಾನಗಳು ಇತ್ತೀಚೆಗೆ ಬಂದಿವೆಯಾದರೂ, ಅವೂ ನಮ್ಮ ಭಾಷೆಯಲ್ಲಿ ಎಷ್ಟು ಬರವಣಿಗೆ ದೊರೆಯುವುದೋ ಅದನ್ನೇ ಆಶ್ರಯಿಸಿವೆ. ಹೀಗೆ ವ್ಯಾಕರಣವು ಪರೀಕ್ಷೆಗಾಗಿ ಮಾತ್ರ ಓದುವ ವಿಷಯವಲ್ಲ; ಹುಡುಕುವವನಿಗೆ ಅದು ದಿನನಿತ್ಯದ ಸಾಧನ.

ಆದುದರಿಂದ ಹುಡುಕುವುದನ್ನೂ ಒಂದು ಕಲೆಯಂತೆ ಅಭ್ಯಾಸ ಮಾಡಬೇಕು. ಒಂದೇ ಪದಕ್ಕೆ ಬದಲಾಗಿ ಎರಡು ಮೂರು ಪದಗಳನ್ನು ಕೊಟ್ಟರೆ ಪಟ್ಟಿ ಕಿರಿದಾಗಿ ಗುರಿ ಸ್ಪಷ್ಟವಾಗುತ್ತದೆ. ಪದಗಳು ಅದೇ ಕ್ರಮದಲ್ಲಿ ಬೇಕಾದರೆ ಅವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಒಂದು ಪದದಿಂದ ಫಲ ದೊರೆಯದಿದ್ದರೆ ಅದರ ಸಮಾನಾರ್ಥಕ ಪದವನ್ನೋ ಬೇರೊಂದು ರೂಪವನ್ನೋ ಪ್ರಯತ್ನಿಸಬೇಕು. ಪಟ್ಟಿಯಲ್ಲಿ ಮೊದಲು ಬಂದುದನ್ನೇ ನಕಲು ಮಾಡಿ ತೃಪ್ತರಾಗುವ ವಿದ್ಯಾರ್ಥಿಗಳುಂಟು. ಮೊದಲು ಬಂದುದು ಶೋಧಪದಕ್ಕೆ ಸಮೀಪವಾದುದು. ಅದು ಸತ್ಯವೆಂಬುದಕ್ಕೆ ಅಷ್ಟೇ ಪ್ರಮಾಣವಾಗದು. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಲ್ಲಿ ತಪ್ಪುಗಳು ನುಸುಳುವುದು ಸಹಜ. ಲೇಖನದ ಕೊನೆಯಲ್ಲಿ ಆಧಾರಗಳನ್ನು ಕೊಟ್ಟಿರುವರೇ ಎಂದು ನೋಡಬೇಕು. ಸಾಧ್ಯವಾದರೆ ಆ ಮೂಲವನ್ನೇ ಓದಬೇಕು. ಯಾರು ಯಾವಾಗ ಏನನ್ನು ತಿದ್ದಿದರೆಂಬ ಇತಿಹಾಸವೂ ಪ್ರತಿಯೊಂದು ಲೇಖನದ ಹಿಂದೆ ತೆರೆದೇ ಇರುತ್ತದೆ.

ಕೆಲವು ವೇಳೆ ಎಷ್ಟು ಹುಡುಕಿದರೂ ಪಟ್ಟಿ ಬರಿದಾಗಿಯೇ ಉಳಿಯುವುದುಂಟು. ಹಾಗೆಂದು ಆ ವಸ್ತುವೇ ಲೋಕದಲ್ಲಿಲ್ಲವೆಂದು ತಿಳಿಯಬಾರದು. ಅದನ್ನು ಕುರಿತು ಆ ಭಾಷೆಯಲ್ಲಿ ಯಾರೂ ಬರೆದಿಲ್ಲವೆಂದಷ್ಟೇ ಅದರ ಅರ್ಥವಾಗಿರಬಹುದು. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳ ಸಂಖ್ಯೆ 2020ರಲ್ಲಿಯೇ 60 ಲಕ್ಷವನ್ನು ದಾಟಿತು. ಕನ್ನಡದ ಸಂಖ್ಯೆಯು ಇನ್ನೂ ಕೆಲವು ಹತ್ತು ಸಾವಿರಗಳ ಲೆಕ್ಕದಲ್ಲಿಯೇ ಇದೆ. ನಮ್ಮ ಊರಿನ ಕೆರೆ, ನಮ್ಮ ಹೊಲದ ಕಳೆಗಿಡ, ನಮ್ಮ ಅಜ್ಜಿ ಬಲ್ಲ ಧಾನ್ಯದ ತಳಿ, ಇವನ್ನು ಕನ್ನಡದಲ್ಲಿ ಹುಡುಕುವ ಬಾಲಕನಿಗೆ ಬರಿಯ ಚೌಕವೇ ಉತ್ತರವಾದರೆ ಆ ಕೊರತೆ ಯಂತ್ರದ್ದಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಕೆಲವು ಸಂಪುಟಗಳನ್ನು ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ನೀಡಿದುದು ಈ ಕೊರತೆಯನ್ನು ತುಂಬುವ ದಿಕ್ಕಿನಲ್ಲಿ ಒಂದು ಒಳ್ಳೆಯ ಹೆಜ್ಜೆ.

ವಿಕಿಪೀಡಿಯದ ಲೇಖನಗಳಲ್ಲಿ ಕೆಲವು ಪದಗಳು ನೀಲಿ ಬಣ್ಣದಲ್ಲಿಯೂ ಕೆಲವು ಕೆಂಪು ಬಣ್ಣದಲ್ಲಿಯೂ ಇರುತ್ತವೆ. ನೀಲಿಯ ಪದವನ್ನು ಒತ್ತಿದರೆ ಆ ವಿಷಯದ ಲೇಖನ ತೆರೆದುಕೊಳ್ಳುತ್ತದೆ. ಕೆಂಪು ಪದದ ಹಿಂದೆ ಇನ್ನೂ ಯಾವ ಲೇಖನವೂ ಇಲ್ಲ. ಯಾರಾದರೂ ಬರೆಯಲೆಂದು ಅದು ಕಾದಿದೆ. ಇಂದು ನಾವು ಹುಡುಕಿ ಪಡೆಯುವುದೆಲ್ಲ ಹಿಂದೆ ಯಾರೋ ಕುಳಿತು ಬರೆದಿಟ್ಟುದು. ಚೆನ್ನಾಗಿ ಹುಡುಕಲು ಕಲಿತವರು ಕ್ರಮೇಣ ಚೆನ್ನಾಗಿ ಬರೆಯಲೂ ಕಲಿತು, ಕನ್ನಡದ ಆ ಕೆಂಪು ಪದಗಳಲ್ಲಿ ಕೆಲವನ್ನಾದರೂ ನೀಲಿಯಾಗಿಸಿದರೆ, ಮುಂದೆ ಹುಡುಕುತ್ತ ಬರುವವರು ಬರಿಗೈಯಲ್ಲಿ ಹಿಂದಿರುಗಬೇಕಾಗುವುದಿಲ್ಲ.