ಹಿತ್ತಲಲ್ಲಿ ಮೀನು, ಮೇಲೆ ಪುದೀನ: ಅಕ್ವಾಪೋನಿಕ್ಸ್ ಮಾಡುವ ಮುನ್ನ

ಒಂದು ಟ್ಯಾಂಕಿನಲ್ಲಿ ಮೀನು, ಅದರ ಮೇಲೆ ಜೆಲ್ಲಿ ತುಂಬಿದ ತೊಟ್ಟಿಯಲ್ಲಿ ಪುದೀನ, ದಂಟು, ಪಾಲಕ್. ಮೀನಿನ ನೀರು ಗಿಡಕ್ಕೆ ಹೋಗುತ್ತದೆ, ಗಿಡದಿಂದ ಶುದ್ಧವಾಗಿ ಮತ್ತೆ ಮೀನಿಗೆ ಬರುತ್ತದೆ. ಗೊಬ್ಬರ ಬೇಡ, ಮಣ್ಣು ಬೇಡ, ನೀರು ಕಡಿಮೆ ಸಾಕು. ಮೊಬೈಲಿನ ವಿಡಿಯೋಗಳಲ್ಲಿ ಅಕ್ವಾಪೋನಿಕ್ಸ್ ಇಷ್ಟು ಸುಲಭವಾಗಿ ಕಾಣುತ್ತದೆ. ಬೋರ್‌ವೆಲ್ ನೀರನ್ನು ಲೆಕ್ಕ ಹಾಕಿ ಬಳಸುವ ಹನೂರಿನ ಕಡೆಯವರಿಗೆ ಇದು ಆಸೆ ಹುಟ್ಟಿಸುವ ವಿಷಯವೇ. ಆದರೆ ಸೀಟು ಚಿಟ್ಟಿ ಹಾಕಿ ಕೂಡಿಸಿದ ಹಣವನ್ನು ಸಿದ್ಧ ಕಿಟ್‌ಗೆ ಸುರಿಯುವ ಮುನ್ನ ಮನೆಯವರೆಲ್ಲ ಕುಳಿತು ಲೆಕ್ಕ ನೋಡುವುದು ಒಳ್ಳೆಯದು.

ಮೊದಲು ಇದು ಹೇಗೆ ನಡೆಯುತ್ತದೆ ನೋಡೋಣ. ಮೀನು ತಿಂದು ಹೊರಹಾಕುವುದು ಬಹುಪಾಲು ಅಮೋನಿಯ. ಅದು ಮೀನಿಗೇ ವಿಷ. ಜೆಲ್ಲಿಕಲ್ಲಿನ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಬೇಕಾದದ್ದು ಈ ನೈಟ್ರೇಟ್. ಅಂದರೆ ನಾವು ಸಾಕುವುದು ಎರಡಲ್ಲ, ಮೂರು: ಮೀನು, ಗಿಡ ಮತ್ತು ಕಣ್ಣಿಗೆ ಕಾಣದ ಬ್ಯಾಕ್ಟೀರಿಯ. ಬ್ಯಾಕ್ಟೀರಿಯ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕು ತಂದ ದಿನವೇ ನೂರು ಮೀನುಮರಿ ಬಿಟ್ಟವರ ಮರಿಗಳು ಎರಡನೇ ವಾರದಲ್ಲಿ ಸಾಯುವುದು ಇದೇ ಕಾರಣಕ್ಕೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಗೆ ವಾಲಿರುತ್ತದೆ. ನೀರಿನ ಪಿಎಚ್ 7 ಇದ್ದಾಗ ಅಮೋನಿಯದಲ್ಲಿ ವಿಷರೂಪದ ಭಾಗ ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದೇ ಅಮೋನಿಯದಲ್ಲಿ ನೂರಕ್ಕೆ ಐದು ಭಾಗ ವಿಷವಾಗುತ್ತದೆ. ಪರೀಕ್ಷಾ ಕಿಟ್ ತೋರಿಸುವ ಅಂಕಿ ಎರಡರಲ್ಲೂ ಒಂದೇ, ಅಪಾಯ ಮಾತ್ರ ಸುಮಾರು ಒಂಬತ್ತು ಪಟ್ಟು. ಪಿಎಚ್ ಹೆಚ್ಚಾದಾಗ ಗಿಡವೂ ಕಬ್ಬಿಣದ ಅಂಶವನ್ನು ಹೀರಲಾರದು; ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗೊಬ್ಬರ ಬೇಡ ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಮೀನಿನ ಆಹಾರದಲ್ಲಿ ಕಬ್ಬಿಣ, ಪೊಟ್ಯಾಶಿಯಂ, ಕ್ಯಾಲ್ಸಿಯಂ ಗಿಡಕ್ಕೆ ಸಾಕಾಗುವಷ್ಟು ಇರುವುದಿಲ್ಲ, ಆಗಾಗ ಸೇರಿಸಬೇಕಾಗುತ್ತದೆ. ಚಾವಣಿಯ ಮಳೆನೀರು ಹಿಡಿದು ಬೋರ್‌ವೆಲ್ ನೀರಿನ ಜೊತೆ ಬೆರೆಸಿದರೆ ಗಡಸುತನ ಇಳಿಯುತ್ತದೆ. ಕೊಳ್ಳೇಗಾಲ ಪಟ್ಟಣದ ನಲ್ಲಿನೀರಾದರೆ ಒಂದೆರಡು ದಿನ ತೆರೆದ ಪಾತ್ರೆಯಲ್ಲಿ ಇಟ್ಟು ಕ್ಲೋರಿನ್ ಹೋದ ಮೇಲೆ ಹಾಕಬೇಕು. ಕ್ಲೋರಿನ್ ಮೀನನ್ನೂ ಕೊಲ್ಲುತ್ತದೆ, ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ.

ಎಷ್ಟು ಮೀನು ಸಿಗುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಮನೆಮಟ್ಟದಲ್ಲಿ ಸುರಕ್ಷಿತವಾಗಿ ಬೆಳೆಸಬಹುದಾದದ್ದು ಹೆಚ್ಚೆಂದರೆ 20 ಕಿಲೋ. ಅದಕ್ಕೆ ಏಳೆಂಟು ತಿಂಗಳು ಬೇಕು, ಸುಮಾರು 30 ಕಿಲೋ ಆಹಾರ ಬೇಕು. ಐದು ಜನರ ಮನೆಗೆ ಹಂಚಿದರೆ ತಲೆಗೆ ತಿಂಗಳಿಗೆ ಅರ್ಧ ಕಿಲೋ ಇಡೀ ಮೀನು. ತಲೆ, ಮೂಳೆ, ಕರುಳು ಕಳೆದರೆ ತಿನ್ನುವ ಭಾಗ ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಬೆಳೆಯುವ ಮಕ್ಕಳ ತಟ್ಟೆಗೆ ಅದೂ ಸಣ್ಣ ವಿಷಯವಲ್ಲ. ಆದರೆ ಮಾರಾಟ ಮಾಡಿ ಸಂಸಾರ ನಡೆಸುವ ಮಾತು ಇದರಲ್ಲಿ ಇಲ್ಲ.

ಆ 20 ಕಿಲೋ ಕೂಡ ಗಿಡದ ತೊಟ್ಟಿ ದೊಡ್ಡದಿದ್ದರೆ ಮಾತ್ರ. ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಾಕೊಸಿ ಮತ್ತು ಸಂಗಡಿಗರು ವರ್ಷಗಟ್ಟಲೆ ಮಾಡಿದ ಪ್ರಯೋಗಗಳಿಂದ ಒಂದು ಲೆಕ್ಕ ಬಂದಿದೆ: ಸೊಪ್ಪಿನ ಬೆಳೆಗೆ ಒಂದು ಚದರ ಮೀಟರಿಗೆ ದಿನಕ್ಕೆ 60ರಿಂದ 100 ಗ್ರಾಂ ಮೀನಿನ ಆಹಾರ. ಬೆಳೆದ 20 ಕಿಲೋ ಮೀನು ದಿನಕ್ಕೆ ಸುಮಾರು 300 ಗ್ರಾಂ ತಿನ್ನುತ್ತದೆ. ಅದರ ಹೊಲಸನ್ನು ಹೀರಲು ಮೂರರಿಂದ ಐದು ಚದರ ಮೀಟರ್ ಸೊಪ್ಪು ಬೇಕು. ನೀವು ನೋಡಿದ ಕಿಟ್‌ನಲ್ಲಿ ತೊಟ್ಟಿ ಅರ್ಧ ಚದರ ಮೀಟರ್ ಇದೆಯೇ? ಹಾಗಿದ್ದರೆ ಅದು ತಾಳುವುದು ಎರಡು ಮೂರು ಕಿಲೋ ಮೀನು ಮಾತ್ರ. ಕಿಟ್ ಮಾರುವವರು ಈ ಲೆಕ್ಕ ಹೇಳುವುದು ಕಡಿಮೆ.

ಜೆಲ್ಲಿಯ ಭಾರವನ್ನೂ ಮರೆಯಬಾರದು. 300 ಲೀಟರ್ ಜೆಲ್ಲಿ ಸುಮಾರು ಅರ್ಧ ಟನ್ ತೂಗುತ್ತದೆ, ನೀರು ಬೇರೆ. ಹಳೆಯ ತಾರಸಿಯ ಮೇಲೆ ಇದನ್ನು ಇಡಲೇಬಾರದು. ನಮ್ಮ ಜಿಲ್ಲೆಯ ಗ್ರಾನೈಟ್ ಜೆಲ್ಲಿ ಇದಕ್ಕೆ ಒಳ್ಳೆಯದು. ಪುಡಿ ಹೋಗುವಂತೆ ತೊಳೆದು, ಮೇಲೆ ಸ್ವಲ್ಪ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲು ಇದೆ, ಪಿಎಚ್ ಏರುತ್ತಲೇ ಇರುತ್ತದೆ, ಬೇಡ.

ಇನ್ನು ಕರೆಂಟು. ಪಂಪು ಮತ್ತು ಗಾಳಿ ಯಂತ್ರ ಸೇರಿ 40 ವ್ಯಾಟ್ ಎಂದರೂ ಹಗಲು ರಾತ್ರಿ ಓಡಿದರೆ ತಿಂಗಳಿಗೆ 29 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಯ ಉಚಿತ ಮಿತಿ ಹಿಂದಿನ ಬಳಕೆಯ ಲೆಕ್ಕದ ಮೇಲೆ ನಿಂತಿರುವುದರಿಂದ ಈ 29 ಯೂನಿಟ್ ನಿಮ್ಮನ್ನು ಮಿತಿಯ ಆಚೆ ದಾಟಿಸಬಹುದು. ಅದಕ್ಕಿಂತ ದೊಡ್ಡ ಚಿಂತೆ ಕರೆಂಟು ಹೋದಾಗಿನದು. 20 ಡಿಗ್ರಿ ಶಾಖದ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮೀನು ತುಂಬಿದ ಟ್ಯಾಂಕಿನಲ್ಲಿ ಏಪ್ರಿಲ್ ರಾತ್ರಿ ಕೆಲವು ಗಂಟೆ ಕರೆಂಟು ಹೋದರೆ ಬೆಳಗ್ಗೆ ಎದ್ದು ನೋಡುವಾಗ ಎಂಟು ತಿಂಗಳ ದುಡಿಮೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಬ್ಯಾಟರಿಯಲ್ಲಿ ಓಡುವ ಗಾಳಿ ಯಂತ್ರ ಒಂದು ಇಲ್ಲದೆ ಆರಂಭಿಸಬೇಡಿ. ಮೀನು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿ.

ಸತ್ತು ತೇಲಿದ ಮೀನನ್ನು ಏನು ಮಾಡುವುದು? ಹನಫಿ ಮದ್‌ಹಬ್‌ನಲ್ಲಿ ತಾನಾಗಿ ಸತ್ತು ತೇಲಿದ ಮೀನು ತಿನ್ನುವಂತಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಆ ತಡೆ ಇಲ್ಲ. ಆರೋಗ್ಯದ ಮಾತಿನಲ್ಲಿ ಹೇಳುವುದಾದರೆ ಯಾರೂ ತಿನ್ನಬಾರದು. ಎಷ್ಟು ಹೊತ್ತಿಗೆ ಸತ್ತಿತು, ಯಾವ ರೋಗದಿಂದ ಸತ್ತಿತು ಎಂಬುದು ಗೊತ್ತಿರುವುದಿಲ್ಲ, ಬೆಚ್ಚಗಿನ ನೀರಿನಲ್ಲಿ ಅದು ಬೇಗ ಕೊಳೆಯುತ್ತದೆ. ತೆಂಗಿನ ಬುಡದಲ್ಲಿ ಆಳವಾಗಿ ಹೂತುಬಿಡಿ.

ಟ್ಯಾಂಕಿನ ನೀರನ್ನು ವುಝೂಗೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬೇಡ. ನೋಡಲು ತಿಳಿಯಾಗಿದ್ದರೂ ಅದು ಬ್ಯಾಕ್ಟೀರಿಯ ತುಂಬಿದ ನೀರು, ಬಾಯಿ ಮುಕ್ಕಳಿಸಲು, ಮೂಗಿಗೆ ಎಳೆಯಲು ತಕ್ಕದ್ದಲ್ಲ. ಇನ್ನು ವುಝೂ ಮಾಡಿ ಹರಿದ ನೀರನ್ನು ಟ್ಯಾಂಕಿಗೆ ಬಿಡುವುದೂ ಬೇಡ. ಬಾಯಿ ಮೂಗಿನ ನೀರು ಹಸಿಯಾಗಿ ತಿನ್ನುವ ಪುದೀನಕ್ಕೆ ಹೋಗಬಾರದು, ಸೋಪಿನ ಅಂಶ ಸೇರಿದರೆ ಮೀನಿಗೂ ಕೇಡು. ಆ ನೀರು ಬಾಳೆಗೆ, ನುಗ್ಗೆಗೆ ಹೋಗಲಿ.

ಮೀನಿನ ನೀರಿನಲ್ಲಿ ಬೆಳೆದ ಸೊಪ್ಪು ತಾನಾಗಿ ಶುದ್ಧ ಎಂದುಕೊಳ್ಳಬಾರದು. ಭೇದಿ ತರುವ ರೋಗಾಣುಗಳು ಹೆಚ್ಚಾಗಿ ಬರುವುದು ಮೀನಿನಿಂದಲ್ಲ. ಕೋಳಿ, ಪಾರಿವಾಳ, ಇಲಿಗಳಿಂದ ಮತ್ತು ನಮ್ಮ ಕೈಗಳಿಂದ. ಕೋಳಿಗೂಡು ಪಕ್ಕದಲ್ಲಿ ಇರಬಾರದು, ಮೇಲೆ ಬಲೆ ಇರಲಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಆದ್ದರಿಂದ ಕೈಯಲ್ಲಿ ಗಾಯ ಇದ್ದಾಗ ಗ್ಲೌಸ್ ಇಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ. ಚಟ್ನಿಗೆ, ಬಿರಿಯಾನಿಯ ಮೇಲೆ ಉದುರಿಸಲು ಬಳಸುವ ಪುದೀನವನ್ನು ಕುಡಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಕೋಳಿ ಅಂಗಡಿಯ ಕರುಳು, ಕುರ್ಬಾನಿಯ ಉಳಿಕೆ ಮೀನಿಗೆ ಹಾಕುವುದಂತೂ ಕೂಡದು.

ಡೆಂಗಿ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ. ಮೀನಿರುವ ಟ್ಯಾಂಕಿನಲ್ಲಿ ಮೀನೇ ಮರಿಹುಳು ತಿನ್ನುತ್ತದೆ, ಆದರೆ ಮೀನಿಲ್ಲದ ಸಂಪು, ಮಳೆನೀರಿನ ಡ್ರಮ್ಮು, ಕೆಟ್ಟು ನಿಂತ ತೊಟ್ಟಿ ಸೊಳ್ಳೆಯ ತವರುಮನೆ. ಬಟ್ಟೆ ಕಟ್ಟಿ ಮುಚ್ಚಿ. ನಡೆದಾಡಲು ಕಲಿತ ಮಗು ಇರುವ ಮನೆಯಲ್ಲಿ ಟ್ಯಾಂಕಿಗೆ ಗಟ್ಟಿ ಜಾಲರಿ ಹೊದಿಸದೆ ನೀರು ತುಂಬಲೇಬಾರದು. ಒದ್ದೆ ಜಾಗದಲ್ಲಿ ಕರೆಂಟು ಇರುವುದರಿಂದ ಆ ಲೈನಿಗೆ ಆರ್‌ಸಿಸಿಬಿ ಹಾಕಿಸಿ. ಖರ್ಚಿನ ಮಾತಾಡಿ ಕೈಬಿಡುವ ವಸ್ತುಗಳಲ್ಲ ಇವೆರಡೂ.

ರೇಷ್ಮೆ ಮನೆಯವರಿಗೆ

ಕೊಳ್ಳೇಗಾಲ, ಯಳಂದೂರು ಕಡೆ ಹುಳು ಸಾಕುವ ಮನೆಗಳಲ್ಲಿ ಬ್ಲೀಚಿಂಗ್ ಪುಡಿಯಿಂದ ಸಾಕಣೆ ಮನೆ ತೊಳೆಯುವುದು ವಾಡಿಕೆ. ಆ ನೀರಿನ ಹನಿ ಕೂಡ ಟ್ಯಾಂಕಿನ ಕಡೆ ಹರಿಯಬಾರದು. ಔಷಧಿ ಬಂದಿದ್ದ ಹಳೆಯ ನೀಲಿ ಡ್ರಮ್ಮನ್ನು ಎಷ್ಟೇ ತೊಳೆದರೂ ಮೀನಿಗೆ ಬಳಸಬೇಡಿ. ನಾವು ತಿನ್ನುವುದು ಅದೇ ಮೀನನ್ನು. ಸೊಪ್ಪಿಗೆ ಹುಳು ಬಿದ್ದರೂ ಕೀಟನಾಶಕ ಸಿಂಪಡಿಸುವಂತಿಲ್ಲ, ಬೇವಿನೆಣ್ಣೆ ಕೂಡ ನೀರಿಗೆ ಸೇರಿದರೆ ಮೀನಿಗೆ ಅಪಾಯ. ಕೈಯಿಂದ ಆರಿಸಿ ತೆಗೆಯಬೇಕು. ಬಿಚ್ಚಾಣಿಕೆಯಲ್ಲಿ ಉಳಿಯುವ ಪ್ಯೂಪಾ ಮಾತ್ರ ನಮ್ಮ ಕಡೆಗೆ ಸಿಕ್ಕ ಒಂದು ಅನುಕೂಲ. ಒಣಗಿಸಿದ ಪ್ಯೂಪಾದಲ್ಲಿ ಅರ್ಧದಷ್ಟು ಪ್ರೋಟೀನ್ ಇದೆ, ಮೀನು ಆಸೆಯಿಂದ ತಿನ್ನುತ್ತದೆ. ಆದರೆ ಕಾಲು ಭಾಗ ಎಣ್ಣೆ ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ. ವಾಸನೆ ಬಂದದ್ದನ್ನು ಹಾಕಬೇಡಿ, ಅದೊಂದನ್ನೇ ಆಹಾರವಾಗಿಯೂ ಕೊಡಬೇಡಿ.

ಯಾವ ಮೀನು? ಕಾಟ್ಲಾ, ರೋಹು ಕೆರೆಯ ಮೀನುಗಳು, ಟ್ಯಾಂಕಿನಲ್ಲಿ ಸೊರಗುತ್ತವೆ. ಇಕ್ಕಟ್ಟಿಗೆ ಒಗ್ಗುವುದು ಜಿಲೇಬಿ, ಅಂದರೆ ತಿಲಾಪಿಯ. ಅದನ್ನು ಸಾಕಲು ಅನುಮತಿಯ ನಿಯಮಗಳಿವೆ, ಆದ್ದರಿಂದ ಮರಿ ತರುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಬೇಡವಾದ ಮರಿಗಳನ್ನು ಸುವರ್ಣಾವತಿಗೋ ಕೆರೆಗೋ ಬಿಡಬೇಡಿ, ಊರಿನ ಮೀನುಗಳನ್ನು ಅದು ಮೂಲೆಗೆ ತಳ್ಳುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ ನಿಷೇಧಿಸಿದೆ, ಯಾರು ಅಗ್ಗಕ್ಕೆ ಕೊಟ್ಟರೂ ಬೇಡ. ಅದೇ ಕಚೇರಿಯಲ್ಲಿ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಬಗ್ಗೆಯೂ ಕೇಳಿ. ಹಿತ್ತಲಲ್ಲಿ ನೀರು ಮರುಬಳಸಿ ಮೀನು ಸಾಕುವ ಸಣ್ಣ ಘಟಕಗಳು ಆ ಯೋಜನೆಯಲ್ಲಿವೆ. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಶೇ. 60. ಅರ್ಜಿ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಹಾಕುವುದು ಲಾಭ. ಗಿಡದ ತೊಟ್ಟಿ ಅದರಲ್ಲಿ ಸೇರುತ್ತದೆಯೇ, ಈ ವರ್ಷ ಹಣ ಬಂದಿದೆಯೇ ಎಂದು ಮೊದಲೇ ತಿಳಿದುಕೊಂಡು ಕೆಲಸ ಆರಂಭಿಸಿ.

ಕಾಲದ ಆಯ್ಕೆಯೂ ಮುಖ್ಯ. ಮೇ ತಿಂಗಳ ಮಳೆಯ ನೀರು ಹಿಡಿದು ಬ್ಯಾಕ್ಟೀರಿಯ ಬೆಳೆಯಲು ಬಿಟ್ಟರೆ ಜುಲೈಗೆ ಮರಿ ಹಾಕಬಹುದು. ಬೇಸಿಗೆಯ ಬಿಸಿ ಏರುವ ಮೊದಲು, ಫೆಬ್ರವರಿಯೊಳಗೆ ಮೀನು ಹಿಡಿದು ಮುಗಿಸಬಹುದು. ಹಿಡಿಯುವ ಹಿಂದಿನ ದಿನ ಆಹಾರ ಕೊಡದೆ ಬೇರೆ ತಿಳಿನೀರಿನಲ್ಲಿ ಇಟ್ಟರೆ ಮಣ್ಣುವಾಸನೆ ಕಡಿಮೆಯಾಗುತ್ತದೆ. ಮೊದಲ ವರ್ಷಕ್ಕೆ ಹತ್ತು ಮೀನು, ಒಂದು ತೊಟ್ಟಿ ಪುದೀನ ಸಾಕು.