‘ಬೇಜಾರು’ ಅಂದರೆ ಯಾವ ಬೇಜಾರು?

ಭಾನುವಾರ ರಾತ್ರಿ ಹಾಸ್ಟೆಲಿನ ವರಾಂಡದಲ್ಲಿ ಫೋನು ಕಿವಿಗಿಟ್ಟು ನಿಂತ ಹುಡುಗನ ಮಾತು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ.

‘ಊಟ ಆಯ್ತೇನೋ?’

‘ಹೂಂ ಅಮ್ಮ, ಆಯ್ತು.’

‘ಯಾಕೋ, ದನಿ ಒಂಥರಾ ಇದೆ?’

‘ಏನಿಲ್ಲಮ್ಮ, ಬೇಜಾರು.’

ಅಲ್ಲಿಗೆ ಮಾತು ಮುಗಿಯುತ್ತದೆ. ಮೆಸ್ಸಿನ ತಟ್ಟೆಯಲ್ಲಿ ಅರ್ಧಕ್ಕೇ ಬಿಟ್ಟು ಬಂದ ಅನ್ನ, ನಾಳೆಯ ಇಂಟರ್ನಲ್ಸ್, ಹಿಂದಿನ ಸೆಮಿಸ್ಟರಿನ ಎರಡು ಬ್ಯಾಕ್‌ಲಾಗ್ ಯಾವುದೂ ಆಚೆ ಬರುವುದಿಲ್ಲ.

ಹೊತ್ತು ಹೋಗದಿದ್ದರೂ ನಮಗೆ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಒಳಗಿರುವುದು ಅಂಜಿಕೆಯೋ, ಅವಮಾನವೋ, ಒಂಟಿತನವೋ, ಬರೀ ನಿದ್ದೆಗೇಡೋ? ಹೀಗೆ ತನ್ನ ಮತ್ತು ಇತರರ ಭಾವನೆಗಳನ್ನು ಬಿಡಿಸಿ ನೋಡಿ, ಅದರಂತೆ ನಡೆದುಕೊಳ್ಳುವ ಸಾಮರ್ಥ್ಯಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ 1990ರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ ಎಂದು ಹೆಸರಿಟ್ಟರು. ಐದು ವರ್ಷದ ನಂತರ ಬಂದ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ ಅದನ್ನು ಮನೆಮಾತಾಗಿಸಿತು.

ಬೇಜಾರಿನ ಹಿಂದೆ ತೀರದ ಬಳಲಿಕೆಯೂ ಇರಬಹುದು. ಅದಕ್ಕಿರುವ ‘ಬರ್ನ್‌ಔಟ್’ ಎಂಬ ಹೆಸರು ಭಾವನಾತ್ಮಕ ಬುದ್ಧಿಮತ್ತೆಗಿಂತ ಹಳೆಯ ಮಾತು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಹಗಲಿರುಳು ದುಡಿದು ಬತ್ತಿಹೋದವರನ್ನು ಕಂಡು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಅದರ ಬಗ್ಗೆ ಬರೆದರು. ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ವಿದ್ಯಾರ್ಥಿಗಳ ಸರದಿ ಬಂದದ್ದು ತಡವಾಗಿ: ಸ್ಪೇನ್, ಪೋರ್ಚುಗಲ್, ನೆದರ್ಲೆಂಡ್ಸ್‌ನ ಕಾಲೇಜು ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾದದ್ದು 2002ರಲ್ಲಿ. ಬರ್ನ್‌ಔಟಿನಲ್ಲಿ ಅದು ನೋಡಿದ್ದು ಮೂರನ್ನು. ಓದಿನಿಂದ ಆಗುವ ತೀರದ ದಣಿವು, ‘ಓದಿ ಏನಾಗಬೇಕಿದೆ’ ಎಂಬ ಉದಾಸೀನ, ‘ನನ್ನ ಕೈಲಾಗದು’ ಎಂಬ ಭಾವ. ಎರಡನೆಯದನ್ನೇ ಮನೆಯಲ್ಲೂ ಕ್ಲಾಸಿನಲ್ಲೂ ಸೋಮಾರಿತನ ಎಂದು ಬೈಯುತ್ತಾರೆ. ದಣಿದ ಮಗುವಿಗೆ ಬೈಗುಳವೂ ಸೇರಿದರೆ ಅದು ಬಾಯಿ ಬಿಡುವುದಾದರೂ ಹೇಗೆ?

ಬದುಕಿನ ತೃಪ್ತಿಗೂ ಅಳತೆಗೋಲು ಇದೆ. ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟದ್ದು ಐದೇ ವಾಕ್ಯ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ, ಒಟ್ಟು 35. ಆ ಐದರಲ್ಲಿ ಮಾರ್ಕ್ಸ್‌ ಕಾರ್ಡಿನ ಸುದ್ದಿಯಾಗಲೀ ಕ್ಯಾಂಪಸ್ ಪ್ಲೇಸ್‌ಮೆಂಟಿನ ಸುದ್ದಿಯಾಗಲೀ ಇಲ್ಲ.

ಭಾವನೆಗಳನ್ನು ಚೆನ್ನಾಗಿ ಗುರುತಿಸಬಲ್ಲ ವಿದ್ಯಾರ್ಥಿಗಳಲ್ಲಿ ತೃಪ್ತಿ ಹೆಚ್ಚು, ಬರ್ನ್‌ಔಟ್ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಯಾವುದರಿಂದ ಯಾವುದು ಎಂಬುದು ಇದರಿಂದಷ್ಟೇ ತೀರ್ಮಾನವಾಗದು; ಬಸವಳಿದವನಿಗೆ ತನ್ನ ಮನಸ್ಸು ನೋಡಿಕೊಳ್ಳುವ ತ್ರಾಣವೂ ಇರುವುದಿಲ್ಲ. ಆದರೂ ಹೆಸರಿಡುವುದರಲ್ಲಿ ಏನೋ ಶಕ್ತಿಯಿದೆ. ಭಯ, ಸಿಟ್ಟು ತುಂಬಿದ ಮುಖಗಳನ್ನು ನೋಡಿದವರು ಆ ಭಾವನೆಯ ಹೆಸರು ಆರಿಸಿದಾಗ, ಮಿದುಳಿನಲ್ಲಿ ಗಾಬರಿಯ ಗಂಟೆ ಬಾರಿಸುವ ಅಮಿಗ್ಡಲಾ ತಣ್ಣಗಾದದ್ದನ್ನು ಲಾಸ್ ಏಂಜಲೀಸಿನ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿತು.

ಹಾಗೆಂದು ಎಲ್ಲ ಹೊರೆಯನ್ನೂ ವಿದ್ಯಾರ್ಥಿಯ ಹೆಗಲಿಗೇ ಹೊರಿಸುವುದು ಅನ್ಯಾಯ. ವಾರದಲ್ಲಿ ಮೂರು ಟೆಸ್ಟ್ ಇಟ್ಟು, ಶನಿವಾರ ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸಿದರೆ ಏನು ಬಂತು? ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನಾದರೂ ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಆದರೆ ಆ ಸಮಾಲೋಚಕರ ಕೋಣೆಯ ಬಾಗಿಲು ಪ್ರಾಂಶುಪಾಲರ ಕಚೇರಿಯ ಎದುರಿಗೇ ಇದ್ದರೆ ಯಾರೂ ಒಳಗೆ ಕಾಲಿಡರು.

ಕಾಲೇಜಿನೊಳಗೆ ಹೇಳಲು ಸಂಕೋಚವಾದರೆ 14416 ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಬೆನ್ನಿಗಿರುವ ಈ ‘ಟೆಲಿ ಮಾನಸ್’ 2022ರ ಅಕ್ಟೋಬರಿನಿಂದ ಹಗಲು ರಾತ್ರಿ ಉಚಿತವಾಗಿ ಕೆಲಸ ಮಾಡುತ್ತಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ‘ಬೇಜಾರು’ ಎಂದಷ್ಟೇ ಹೇಳಿ ಶುರುಮಾಡಿದರೂ ಸಾಕು.